ಚಿಂಚಿಲಾ ಮರಿಗೆ ಮೊದಲು ತಂಪು

ಎಲ್ಲ ಕೇಳುಗರಿಗೂ ನಮಸ್ಕಾರ. ಮಕ್ಕಳು ಮೊಬೈಲಿನಲ್ಲಿ ವಿಡಿಯೋ ನೋಡಿ ಚಿಂಚಿಲಾ ಎಂಬ ದಟ್ಟ ರೋಮದ, ಇಲಿ ಜಾತಿಯ ಪುಟ್ಟ ಪ್ರಾಣಿ ಬೇಕೆಂದು ಹಟ ಹಿಡಿದಿದ್ದರೆ, ಅಥವಾ ಮರಿ ಆಗಲೇ ಮನೆಗೆ ಬಂದು ಗೂಡಿನಲ್ಲಿ ಕೂತಿದ್ದರೆ, ಈ ಹತ್ತು ನಿಮಿಷ ನಿಮಗಾಗಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಣೆ ತಂಪಾಗಿರಬೇಕು. ಮೇವು, ಗೂಡು, ಆಟಿಕೆ ಎಲ್ಲ ಆಮೇಲಿನದು.

ಎಷ್ಟು ತಂಪು? 18ರಿಂದ 22 ಡಿಗ್ರಿ. 25 ಆದರೆ ಎಚ್ಚರವಾಗಿ. 27 ದಾಟಿತೋ, ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 35 ದಾಟುವುದು ಹೊಸದೇನಲ್ಲ. "ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಬೆಟ್ಟದ ಗಾಳಿ ಇದೆಯಲ್ಲ" ಅನ್ನಬೇಡಿ. ಆ ಗಾಳಿ ನಿಮಗೆ ಹಿತ, ಚಿಂಚಿಲಾಕ್ಕೆ ಅಲ್ಲ. ಅದರ ಒಂದೊಂದು ರೋಮದ ಬುಡದಿಂದ ಐವತ್ತಕ್ಕೂ ಹೆಚ್ಚು ಎಳೆ ಹೊರಡುತ್ತವೆ. ಮೈ ಬೆವರುವುದಿಲ್ಲ. ಬೆವರೇ ಇಲ್ಲದ ಮೈಗೆ ಫ್ಯಾನ್ ಗಾಳಿ ಬೀಸಿದರೆ ಏನು ಬಂತು? ಬಿಸಿ ಗಾಳಿ ಸುತ್ತಾಡುತ್ತದೆ, ಅಷ್ಟೆ. ಇನ್ನು ನೀರು ಹಾಕುವ ಕೂಲರ್ ಅಂತೂ ಬೇಡವೇ ಬೇಡ. ಅದು ಕೋಣೆಯ ತೇವ ಏರಿಸುತ್ತದೆ. ತೇವಾಂಶ ಶೇಕಡಾ 60 ಮೀರಿದರೆ ದಟ್ಟ ರೋಮ ಒಣಗದೆ ಗಂಟುಕಟ್ಟಿ, ಹುಳುಕಡ್ಡಿ ಹತ್ತುತ್ತದೆ. ಇದಕ್ಕೆ ಏಸಿಯೇ ಬೇಕು. ಏಸಿ ಹಾಕಿಸುವ ಶಕ್ತಿ ಇಲ್ಲದಿದ್ದರೆ ದಯವಿಟ್ಟು ಚಿಂಚಿಲಾ ತರಬೇಡಿ.

ಈ ಹಟ ಯಾಕೆ ಎನ್ನುವುದಕ್ಕೆ ಒಂದು ಕಥೆ ಕೇಳಿ. ಚಿಂಚಿಲಾ ಮೂಲತಃ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ್ದು. ಒಣ ಹವೆ, ಕಲ್ಲುಬಂಡೆ, ರಾತ್ರಿಯಾದರೆ ಕೊರೆಯುವ ಚಳಿ. ತುಪ್ಪಳದ ಆಸೆಗೆ ಬೇಟೆಗಾರರು ಲಕ್ಷಗಟ್ಟಲೆ ಕೊಂದು, ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಕಾಡಿನಲ್ಲಿ ಹುಡುಕಿದರೂ ಸಿಗದ ಹಾಗೆ ಮಾಡಿದ್ದರು. ಆಗ ಚಿಲಿಯ ತಾಮ್ರದ ಗಣಿಯಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಎಂಜಿನಿಯರ್ ಇದ್ದ. ಇವನ್ನು ಸಾಕಿ ಬೆಳೆಸಬೇಕೆಂಬ ಹುಚ್ಚು ಅವನಿಗೆ ಹತ್ತಿತು. ಬೆಟ್ಟ ಬಲ್ಲ ಆಳುಗಳನ್ನು ಗೊತ್ತುಮಾಡಿ ವರ್ಷಗಟ್ಟಲೆ ಹುಡುಕಿಸಿದರೂ ಒಳ್ಳೆಯ ಪ್ರಾಣಿ ಸಿಕ್ಕಿದ್ದು ಒಂದು ಡಜನ್ ಮಾತ್ರ. ಸಿಕ್ಕ ಕೂಡಲೇ ಬಂದರಿಗೆ ಹೊತ್ತುಕೊಂಡು ಓಡಲಿಲ್ಲ ಆತ, ಇದನ್ನು ಗಮನಿಸಿ. ಬೆಟ್ಟದಿಂದ ಸ್ವಲ್ಪ ಕೆಳಗಿಳಿಸುವುದು, ಅಲ್ಲಿ ನಿಲ್ಲಿಸುವುದು, ಮೈ ಒಗ್ಗಿದ ಮೇಲೆ ಇನ್ನಷ್ಟು ಇಳಿಸುವುದು. ಸಮುದ್ರ ಮಟ್ಟ ಮುಟ್ಟಲು ತಿಂಗಳುಗಳೇ ಹಿಡಿದವು. ಆಮೇಲೆ ಹಡಗು. ದಾರಿಯಲ್ಲಿ ಸಮಭಾಜಕ ವೃತ್ತ ದಾಟಬೇಕು, ಅಲ್ಲಿಯ ಸೆಕೆ ಕೇಳಬೇಕೆ? ಗೂಡುಗಳಿಗೆ ಮಂಜುಗಡ್ಡೆ ಇಟ್ಟು, ಹಗಲಿರುಳು ಕಾದು, 1923ರಲ್ಲಿ ಅವನ್ನು ಕ್ಯಾಲಿಫೋರ್ನಿಯಾ ಮುಟ್ಟಿಸಿದ. ಇವತ್ತು ಮನೆಗಳಲ್ಲಿ ಸಾಕುವ ಚಿಂಚಿಲಾಗಳಲ್ಲಿ ಬಹುಪಾಲು ಆ ಕೆಲವೇ ಜೀವಗಳ ಸಂತಾನ. ವಿದ್ಯುತ್ ಇನ್ನೂ ಮನೆಮನೆಗೆ ಬಂದಿರದ ಕಾಲದಲ್ಲಿ ಒಬ್ಬ ಗಣಿ ಎಂಜಿನಿಯರ್ ಸಮುದ್ರದ ಮಧ್ಯೆ ಮಂಜುಗಡ್ಡೆ ಹೊಂದಿಸಿದ. ಮನೆಯಲ್ಲಿ ಫ್ರಿಜ್ ಇಟ್ಟುಕೊಂಡ ನಾವು ಮರಿಯ ಗೂಡನ್ನು ಪಡುವಣ ಕಿಟಕಿಯ ಬಿಸಿಲಿಗೆ ಇಡುತ್ತೇವೆ!

ಹಾಗಾಗಿ, ಗೂಡು ನೆಲ ಅಂತಸ್ತಿನಲ್ಲಿರಲಿ. ಶೀಟ್ ಮನೆ ಬೇಡ. ತಾರಸಿಯ ಕೆಳಗಿನ ಕೋಣೆಯೂ ಬೇಡ, ತಾರಸಿ ಕಾದರೆ ರಾತ್ರಿ ಹನ್ನೊಂದಾದರೂ ಆರುವುದಿಲ್ಲ. ಉಷ್ಣತೆ, ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಡಿಜಿಟಲ್ ಮೀಟರನ್ನು ಗೂಡಿನ ಪಕ್ಕದಲ್ಲೇ, ಮರಿ ಕೂರುವ ಎತ್ತರಕ್ಕೆ ತೂಗುಹಾಕಿ. ಕರೆಂಟ್ ಹೋದರೆ ಏಸಿ ನಡೆಸುವ ಶಕ್ತಿ ಮನೆಯ ಸಾಮಾನ್ಯ ಇನ್ವರ್ಟರಿಗೆ ಇರುವುದಿಲ್ಲ. ಅದಕ್ಕೇ ಒಂದಡಿ ಅಗಲದ ಗ್ರಾನೈಟ್ ತುಂಡು ಎರಡು ತನ್ನಿ. ಒಂದು ಗೂಡಿನಲ್ಲಿ, ಇನ್ನೊಂದು ಫ್ರಿಜ್ಜಿನಲ್ಲಿ, ಅದಲುಬದಲು ಮಾಡುತ್ತಿರಿ. ಒಂದು ಲೀಟರಿನ ನಾಲ್ಕು ಬಾಟಲಿ ನೀರು ಗಡ್ಡೆಕಟ್ಟಿಸಿಟ್ಟು, ಹತ್ತಿ ಬಟ್ಟೆ ಸುತ್ತಿ ಗೂಡಿನ ಹೊರಗೆ ಒತ್ತಾಗಿ ನಿಲ್ಲಿಸಿ. ಒಳಗಿಟ್ಟರೆ ಪ್ಲಾಸ್ಟಿಕ್ ಕಡಿದು ನುಂಗುತ್ತದೆ, ರೋಮವೂ ಒದ್ದೆಯಾಗುತ್ತದೆ.

ಕಿವಿ ಕೆಂಪೇರುವುದು, ಮೈಚಾಚಿ ಅಡ್ಡ ಬೀಳುವುದು, ಬಾಯಲ್ಲಿ ಉಸಿರಾಡುವುದು, ಜೊಲ್ಲು ಸುರಿಸುವುದು: ಇವು ಬಿಸಿ ತಗುಲಿದ ಗುರುತು. ತಕ್ಷಣ ತಂಪಾದ ಕಲ್ಲಿನ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಿಂದ ಕಿವಿ ಒರೆಸಿ, ವೈದ್ಯರ ಹತ್ತಿರ ಹೊರಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆಘಾತವಾಗುತ್ತದೆ.

ಮನೆಯಲ್ಲೇ ಮರಿ ಹಾಕಿದರೆ? ಗರ್ಭ 111 ದಿನ. ಹುಟ್ಟುವಾಗಲೇ ಮೈತುಂಬ ರೋಮ, ತೆರೆದ ಕಣ್ಣು, ತೂಕ ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆಯಷ್ಟು. ಹೆರುವ ಮೊದಲೇ ಗಂಡನ್ನು ಬೇರೆ ಗೂಡಿಗೆ ಹಾಕಿ. ಹೆತ್ತ ಒಂದೆರಡು ದಿನದಲ್ಲೇ ಹೆಣ್ಣು ಮತ್ತೆ ಬೆದೆಗೆ ಬರುತ್ತದೆ, ಬಾಣಂತಿಯೇ ಬಸುರಿಯೂ ಆಗಿಬಿಡುತ್ತದೆ. ಹುಟ್ಟಿದ ಮರಿ ಒದ್ದೆಯಿರುವಾಗ ಏಸಿಯ ಗಾಳಿ ನೇರ ಬಡಿಯಬಾರದು. ಕೋಣೆ ತಂಪಾಗಿರಲಿ, ಗಾಳಿಯ ದಿಕ್ಕು ಬೇರೆಡೆಗಿರಲಿ. ಮರದ ಪೆಟ್ಟಿಗೆಯೊಂದನ್ನು ಅಡ್ಡ ಇಟ್ಟರೆ ತಾಯಿ ಮರಿ ಅದರೊಳಗೆ ಸೇರಿಕೊಳ್ಳುತ್ತವೆ. ಜಾಲರಿಯ ಕಿಂಡಿ ಅರ್ಧ ಅಂಗುಲಕ್ಕಿಂತ ಸಣ್ಣದಿರಲಿ, ಇಲ್ಲದಿದ್ದರೆ ಮರಿ ನುಸುಳಿ ಹೋಗುತ್ತದೆ. ಹಲಗೆಗಳು ತಗ್ಗಿನಲ್ಲಿರಲಿ, ಎತ್ತರದಿಂದ ಬಿದ್ದರೆ ಕಾಲು ಮುರಿಯುತ್ತದೆ.

ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಮೊದಲ ದಿನ ತುಸು ಇಳಿದೀತು. ಆಮೇಲೆ ಎರಡು ದಿನ ಏರದಿದ್ದರೆ ತಾಯಿ ಹಾಲು ಸಾಲುತ್ತಿಲ್ಲವೆಂದು ತಿಳಿಯಿರಿ. ಮೂರು ಮರಿ ಇದ್ದರೆ ಮೊಲೆಗಾಗಿ ಕಚ್ಚಾಡುತ್ತವೆ, ಬಡಪಾಯಿ ಮರಿ ಹಿಂದೆ ಬೀಳುತ್ತದೆ. ಅಂಥದಕ್ಕೆ ಬೆಕ್ಕಿನ ಮರಿಯ ಹಾಲಿನ ಪುಡಿ ಕದಡಿ, ಉಗುರುಬೆಚ್ಚಗೆ, ಎರಡು ಮೂರು ಗಂಟೆಗೊಮ್ಮೆ ಡ್ರಾಪರ್‌ನಲ್ಲಿ ಕೊಡಿ. ತುಟಿಗೆ ಒಂದು ಹನಿ ಮುಟ್ಟಿಸಿ, ಅದೇ ನೆಕ್ಕಲಿ. ಬಾಯೊಳಗೆ ಒತ್ತಿ ಬಿಟ್ಟರೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ. ಮರಿಯನ್ನು ಮಲಗಿಸಿ ಕುಡಿಸಬೇಡಿ. ಎಂಟು ವಾರದವರೆಗೆ ತಾಯಿಯಿಂದ ಬೇರ್ಪಡಿಸಬೇಡಿ. ಕೊಳ್ಳುವವರೂ ಅಷ್ಟೇ, ಎಂಟು ವಾರ ತುಂಬದ ಮರಿ ಬೇಡವೆನ್ನಿ.

ಸಮಯ ಓಡುತ್ತಿದೆ, ಮೇವಿನ ಮಾತು ಬೇಗ ಮುಗಿಸುತ್ತೇನೆ. ಒಣಹುಲ್ಲು ಸದಾ ಮುಂದಿರಬೇಕು. ಹಲ್ಲು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೆ ಮಾತ್ರ ಸವೆಯುತ್ತದೆ. ಟಿಮೊಥಿ ಹುಲ್ಲು ಆನ್‌ಲೈನ್‌ನಲ್ಲಿ ಸಿಗುತ್ತದೆ. ಬೆಳೆಯುವ ಮರಿಗೆ ಅದರ ಜೊತೆ ಒಣಗಿಸಿದ ಕುದುರೆಮೆಂತೆಯೂ ಸ್ವಲ್ಪ ಇರಲಿ. ಭದ್ರಾ ಬಯಲಿನ ಭತ್ತದ ಹುಲ್ಲು ದನಕ್ಕೆ ಸರಿ, ಇದಕ್ಕೆ ಸತ್ವ ಸಾಲದು. ಬೂಸಲು ಹಿಡಿದ ಶೇಂಗಾ ಬಳ್ಳಿ ವಿಷವೇ. ಬಣ್ಣದ ಕಾಳು ಬೆರೆಸದ ಪೆಲೆಟ್, ಅಂದರೆ ಒತ್ತಿ ಮಾಡಿದ ಮೇವಿನ ಗುಳಿಗೆ, ದಿನಕ್ಕೆ ಒಂದೆರಡು ಟೇಬಲ್ ಚಮಚ. ಮಂಡಕ್ಕಿ, ಶೇಂಗಾ, ದ್ರಾಕ್ಷಿ, ಬಿಸ್ಕತ್ತು ಯಾವುದೂ ಬೇಡ. ಚಿಂಚಿಲಾ ವಾಂತಿ ಮಾಡಲಾರದು, ಹೊಟ್ಟೆಯಲ್ಲಿ ಗಾಳಿ ತುಂಬಿದರೆ ಹೊರಬರಲು ದಾರಿಯಿಲ್ಲ. ಕಡಿಯಲು ಔಷಧಿ ಹೊಡೆಯದ ತೋಟದ ಒಣಗಿದ ಹಿಪ್ಪುನೇರಳೆ ಕಡ್ಡಿ ಕೊಡಿ.

ನೀರಿನ ಸ್ನಾನ ಎಂದಿಗೂ ಇಲ್ಲ. ವಾರಕ್ಕೆ ಮೂರು ಸಲ, ಹತ್ತು ನಿಮಿಷ, ಚಿಂಚಿಲಾಕ್ಕೆಂದೇ ಮಾರುವ ಜ್ವಾಲಾಮುಖಿ ಧೂಳನ್ನು ಬೋಗುಣಿಯಲ್ಲಿಟ್ಟು, ಅದರಲ್ಲಿ ಹೊರಳಾಡಲು ಬಿಟ್ಟು ತೆಗೆಯಿರಿ. ರಂಗೋಲಿ ಪುಡಿ, ಟಾಲ್ಕಂ ಪೌಡರ್ ಬೇಡ. ಎತ್ತುವಾಗ ಎರಡು ಕೈಯಲ್ಲಿ ಬೊಗಸೆ ಮಾಡಿ. ಗಬಕ್ಕನೆ ಹಿಡಿದರೆ ರೋಮ ಕಿತ್ತು ಕೈಗೆ ಬರುತ್ತದೆ.

ಕೊನೆಗೆ ಔಷಧಿ. ಮರಿ ಮಂಕಾಗಿದೆಯೆಂದು ಮನೆಯಲ್ಲಿರುವ ಅಮಾಕ್ಸಿಸಿಲಿನ್ ಸಿರಪ್ ಕುಡಿಸಬೇಡಿ. ಪೆನ್ಸಿಲಿನ್ ಜಾತಿಯ ಔಷಧಿ ಬಾಯಿಗೆ ಬಿದ್ದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮರಿಯೂ ಸಾಯುತ್ತದೆ. ಪಶುವೈದ್ಯರಿಗೆ ಮೊದಲೇ ಫೋನ್ ಮಾಡಿ ಚಿಂಚಿಲಾ ತರುತ್ತಿದ್ದೇವೆಂದು ಹೇಳಿ, ಬೆಳಗ್ಗೆ ಏಳರೊಳಗೆ ಹೊರಡಿ. ಹೋಗುವ ಬುಟ್ಟಿಯಲ್ಲೂ ಆ ಫ್ರಿಜ್ಜಿನ ಕಲ್ಲು ಇರಲಿ. ನಮಸ್ಕಾರ.