ಎಟ್ನಾದ ಕಪ್ಪು ಮರಳು

ಕೇಳುಗರೆಲ್ಲರಿಗೂ ನಮಸ್ಕಾರ. ಇಟಲಿಯ ಸಿಸಿಲಿ ದ್ವೀಪದ ಎಟ್ನಾ ಪರ್ವತ 3,300 ಮೀಟರಿಗೂ ಎತ್ತರ. ಯುರೋಪಿನಲ್ಲಿ ಅದರಷ್ಟು ದೊಡ್ಡ ಜೀವಂತ ಜ್ವಾಲಾಮುಖಿ ಇನ್ನೊಂದಿಲ್ಲ. ಅದರ ಇಳಿಜಾರಿನಲ್ಲಿ ನೆರೆಲ್ಲೊ ಮಸ್ಕಲೇಸೆ ಎಂಬ ಕಪ್ಪು ದ್ರಾಕ್ಷಿ ಬೆಳೆಯುತ್ತಾರೆ. ಎಟ್ನಾ ರೋಸ್ಸೊ ಎಂಬ ಕೆಂಪು ವೈನ್ ಆಗುವುದು ಮುಖ್ಯವಾಗಿ ಇದರಿಂದ. ಈ ವೈನಿನ ಮಾತು ಬಂದರೆ ಸಾಕು, ಎಲ್ಲರೂ ಬೆಂಕಿ, ಹೊಗೆ, ಗಂಧಕ ಎಂದು ಶುರು ಮಾಡುತ್ತಾರೆ. ದಯವಿಟ್ಟು ಬೆಂಕಿಯನ್ನು ಬದಿಗಿಡಿ. ಅಲ್ಲಿ ನೋಡಬೇಕಾದದ್ದು ಮರಳು.

ಏಕೆಂದು ಹೇಳುತ್ತೇನೆ. 1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಒಂದೊಂದಾಗಿ ಒಣಗತೊಡಗಿದವು. ಸತ್ತ ಬಳ್ಳಿಯನ್ನು ಕಿತ್ತು ನೋಡಿದರೆ ಬೇರು ಕೊಳೆತಿರುತ್ತಿತ್ತು, ಹುಳ ಮಾತ್ರ ಕಾಣಿಸುತ್ತಿರಲಿಲ್ಲ. 1868ರಲ್ಲಿ ಪ್ಲಾಂಶೋನ್ ಎಂಬ ಸಸ್ಯವಿಜ್ಞಾನಿ ಮತ್ತು ಅವರ ಜೊತೆಗಾರರು ಇನ್ನೂ ಹಸಿರಾಗಿದ್ದ ಬಳ್ಳಿಯ ಬೇರನ್ನು ಬಿಡಿಸಿ ನೋಡಿದರು. ಬೇರಿನುದ್ದಕ್ಕೂ ಸಣ್ಣ ಹಳದಿ ಕೀಟಗಳು! ರಸ ಹೀರಿ ಮುಗಿದೊಡನೆ ಅವು ಪಕ್ಕದ ಬಳ್ಳಿಗೆ ದಾಟುತ್ತಿದ್ದವು. ಸತ್ತ ಬೇರಿನಲ್ಲಿ ಹುಡುಕಿದವರಿಗೆ ಅವು ಸಿಗುವುದಾದರೂ ಹೇಗೆ? ಅದೇ ಅಮೆರಿಕದಿಂದ ಬಂದ ಫಿಲಾಕ್ಸೆರಾ. ಕೊನೆಗೆ ಯುರೋಪು ಈ ಕೀಟವನ್ನು ತಾಳಬಲ್ಲ ಅಮೆರಿಕದ ದ್ರಾಕ್ಷಿಯ ಬೇರಿನ ಮೇಲೆ ತನ್ನ ದ್ರಾಕ್ಷಿಯನ್ನು ಕಸಿ ಕಟ್ಟಿ ಬದುಕಿಕೊಂಡಿತು. ಡಾಗ್‌ರಿಡ್ಜ್ ಎಂಬ ದ್ರಾಕ್ಷಿ ಬೇರುಗಿಡದ ಮೇಲೆ ಕಸಿ ಕಟ್ಟುವ ನಮ್ಮ ವಿಜಯಪುರದ ಬೆಳೆಗಾರರಿಗೆ ಈ ಕೆಲಸ ಹೊಸದಲ್ಲ. ನಾವು ಸವಳು, ಬರ ತಾಳಲೆಂದು ಕಟ್ಟುತ್ತೇವೆ. ಅವರು ಹುಳಕ್ಕೆ ಹೆದರಿ ಕಟ್ಟಿದರು.

ಕೀಟ ಸಿಸಿಲಿಗೂ ಬಂತು, ತೋಟಗಳನ್ನು ತಿಂದಿತು. ಆದರೆ ಎಟ್ನಾದ ಮರಳು ನೆಲದಲ್ಲಿ ಸೋತಿತು. ಜೇಡಿಮಣ್ಣು ಒಣಗಿದರೆ ಬಿರುಕು ಬಿಡುತ್ತದೆ, ಆ ಬಿರುಕೇ ಹುಳಕ್ಕೆ ಓಡಾಡುವ ದಾರಿ. ಲಾವಾ ಸವೆದು ಆದ ಮರಳು ಉದುರಿ ದಾರಿಯನ್ನು ಮುಚ್ಚಿಬಿಡುತ್ತದೆ. ಹಾಗಾಗಿ ನೂರು ವರ್ಷ ದಾಟಿದ ಬಳ್ಳಿಗಳು ಅಲ್ಲಿ ಇಂದಿಗೂ ಕಸಿಯಿಲ್ಲದೆ, ಸ್ವಂತ ಬೇರಿನ ಮೇಲೆ ಫಲ ಕೊಡುತ್ತಿವೆ. ಮರಳು, ಕೇಳುಗರೇ, ಮರಳು!

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊಸ ಲಾವಾದ ಮೇಲೆ ದ್ರಾಕ್ಷಿ ಬೆಳೆಯುವುದಿಲ್ಲ. 1981ರ ಮಾರ್ಚಿನಲ್ಲಿ ರಾಂದಾತ್ಸೊ ಊರಿನ ಬಳಿ ಲಾವಾ ಹರಿದು ತೋಟಗಳನ್ನು ಮುಚ್ಚಿತು. ಆ ಬಂಡೆ ಮಣ್ಣಾಗಲು ಶತಮಾನಗಳೇ ಬೇಕು. ವೈನಿನ ಬಣ್ಣ ತೆಳುವಾಯಿತೆಂದು ಮೂಗು ಮುರಿಯಬೇಡಿ, ಆ ತಳಿಯ ಗುಣವೇ ಅದು. ಎತ್ತರದ ರಾತ್ರಿಯ ಚಳಿ ಹಣ್ಣಿನ ಹುಳಿಯನ್ನು ಕಾಯುತ್ತದೆ, ಕೊಯ್ಲು ಅಕ್ಟೋಬರಿನವರೆಗೂ ಹೋಗುತ್ತದೆ. ಸಿಸಿಲಿಗೆ ಹೋಗುವವರು ಬಳ್ಳಿ ಕಸಿಯದೋ, ಸ್ವಂತ ಬೇರಿನದೋ ಎಂದು ತೋಟದವರನ್ನು ಮೊದಲು ಕೇಳಿ. ಜ್ವಾಲಾಮುಖಿಯ ಚಿತ್ರಗಳನ್ನು ಆಮೇಲೆ ತೆಗೆದುಕೊಳ್ಳಬಹುದು. ನಮಸ್ಕಾರ.