ಮಂಗನ ಮೈಯ ಉಣುಗು

ಕೇಳುಗರೆಲ್ಲರಿಗೂ ನಮಸ್ಕಾರ.

ದನ ಕಟ್ಟಿದವರಿಗೆ ಉಣುಗನ್ನು ಪರಿಚಯ ಮಾಡಿಕೊಡಬೇಕಿಲ್ಲ. ಕಾಡಿನಲ್ಲಿ ಮೇದು ಸಂಜೆ ಕೊಟ್ಟಿಗೆಗೆ ಬಂದ ಹಸುವಿನ ಗಂಗೆದೊಗಲನ್ನು ಎತ್ತಿ ನೋಡಿ, ಕಿವಿಯ ಒಳಮೈಯನ್ನು ನೋಡಿ, ಬಾಲದ ಬುಡವನ್ನು ನೋಡಿ. ರಕ್ತ ಕುಡಿದು ಬಲಿತ ಉಣುಗು ಹರಳುಬೀಜದ ಹಾಗೆ ಉಬ್ಬಿಕೊಂಡು ಅಲ್ಲಿ ಕಚ್ಚಿ ಕುಳಿತಿರುತ್ತದೆ. ನಾನು ಇಂದು ಹೇಳಹೊರಟಿರುವುದು ಅದರ ಮರಿಯ ವಿಷಯ. ಎಳ್ಳಿಗಿಂತ ಸಣ್ಣ ಆ ಜೀವಿ ಮಲೆನಾಡಿನಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಂದಿದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನು ಕೊಲ್ಲುವ ಹಳದಿ ಜ್ವರವೇ ಇಲ್ಲಿಗೂ ಬಂತೇ ಎಂದು ವಿಜ್ಞಾನಿಗಳು ಮೊದಲು ಶಂಕಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಸಿಕ್ಕಿದ್ದು ಜಗತ್ತು ಅಲ್ಲಿಯವರೆಗೆ ಕಂಡಿರದ ಹೊಸ ವೈರಸ್. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಜನರ ಬಾಯಲ್ಲಿ ಅದು ‘ಮಂಗನ ಕಾಯಿಲೆ’ ಆಯಿತು.

ಈ ಹೆಸರು ನನಗೆ ಇಂದಿಗೂ ಸಂಕಟ ತರುತ್ತದೆ. ಏಕೆಂದರೆ ಮುಸಿಯವೂ ಕೆಂಪು ಮೂತಿಯ ಕೋತಿಯೂ ರೋಗ ಹರಡಲೆಂದು ಊರಿಗೆ ಬಂದವಲ್ಲ. ನಮ್ಮ ಹಾಗೆಯೇ ಉಣುಗಿನಿಂದ ಕಚ್ಚಿಸಿಕೊಂಡು, ನಮಗಿಂತ ಮೊದಲೇ ಸಾಯುವ ಜೀವಗಳು ಅವು.

ಉಣುಗಿಗೆ ರೆಕ್ಕೆಯಿಲ್ಲ, ಅದು ನೆಗೆಯುವುದೂ ಇಲ್ಲ. ತಾಯಿ ಉಣುಗು ತರಗೆಲೆಯ ಅಡಿಯಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಹೊರಬಂದ ಮರಿಗೆ ಆರೇ ಕಾಲು. ಅದು ಹುಲ್ಲಿನ ತುದಿಗೋ ಎಲೆಯ ಅಂಚಿಗೋ ಹತ್ತಿ, ಮುಂಗಾಲುಗಳನ್ನು ಚಾಚಿಕೊಂಡು ಕಾಯುತ್ತದೆ. ಹಾದುಹೋಗುವ ಪ್ರಾಣಿಯ ಉಸಿರನ್ನೂ ಮೈಬಿಸಿಯನ್ನೂ ಗುರುತಿಸುವ ಅಂಗ ಆ ಮುಂಗಾಲಿನಲ್ಲೇ ಇದೆ. ಇಲಿಯೋ ಹಕ್ಕಿಯೋ ಮಂಗವೋ ಸಿಕ್ಕಿತೆಂದರೆ ಹತ್ತಿ, ಹೊಟ್ಟೆ ತುಂಬ ಕುಡಿದು, ಕೆಳಗೆ ಬಿದ್ದು, ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗುತ್ತದೆ. ಮತ್ತೆ ಕಾಯುತ್ತದೆ. ಮರಿಯಿದ್ದಾಗ ರಕ್ತದೊಡನೆ ಒಳಗೆ ಹೋದ ವೈರಸ್ ಪೊರೆ ಕಳಚಿದ ಮೇಲೂ ಮೈಯಲ್ಲೇ ಉಳಿಯುತ್ತದೆ. ಮಳೆಗಾಲ ಕಳೆದು ಕಾಡು ಒಣಗುವಾಗ, ಡಿಸೆಂಬರಿನಿಂದ ಮೇವರೆಗೆ, ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ಎಳೆ ಉಣುಗು. ಕೊಟ್ಟಿಗೆಗೆ ಹಾಸಲು ನಮ್ಮ ಹೆಂಗಸರು ತರಗೆಲೆ ಗುಡಿಸಿ ತರುವ ಕಾಲವೂ ಅದೇ.

ಎಲ್ಲ ಉಣುಗುಗಳೂ ಈ ವೈರಸ್ಸನ್ನು ಹೊರುವುದಿಲ್ಲ. ಉಡದ ಮೈಗೂ ಹಾವಿನ ಹುರುಪೆಯ ಸಂದಿಗೂ ಅಂಟುವ ಜಾತಿಗಳು ಬೇರೆಯೇ ಇವೆ, ಸಾಕುನಾಯಿಯದು ಇನ್ನೊಂದು. ಮಲೆನಾಡಿನ ಕಾಡಿನಲ್ಲಿ ಮುಖ್ಯ ಅಪರಾಧಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. ಬೆಳೆದ ಮೇಲೆ ಅದಕ್ಕೆ ದೊಡ್ಡ ಪ್ರಾಣಿಯ ರಕ್ತವೇ ಬೇಕು. ಹಿಂದೆ ಕಾಟಿ, ಕಡವೆಗಳಿದ್ದವು. ನಾವು ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನಗಳನ್ನು ಅಟ್ಟಿದಾಗ ಅದಕ್ಕೆ ಊಟದ ಕೊರತೆಯೇ ಇಲ್ಲದಾಯಿತು. ದನಕ್ಕೆ ಕಾಯಿಲೆ ಬರುವುದಿಲ್ಲ. ಆದರೆ ಉಣುಗಿನ ಸಂತಾನ ಬೆಳೆಯುವುದು ಅದರ ರಕ್ತದಿಂದ. ಈ ಮಾತನ್ನು ದನಗಾಹಿಗಳ ಮೇಲೆ ದೂರಾಗಿ ಹೇಳುತ್ತಿಲ್ಲ. ಮೇವಿಗೆ ಬೇರೆ ದಾರಿಯಿದ್ದರೆ ಯಾರು ತಾನೆ ದನವನ್ನು ಅಷ್ಟು ದೂರ ಹೊಡೆದುಕೊಂಡು ಹೋಗುತ್ತಾರೆ?

ಕಾಯಿಲೆ ಬಂದ ಮಂಗ ಮಂಕಾಗುತ್ತದೆ, ಗುಂಪಿನಿಂದ ಹಿಂದೆ ಉಳಿಯುತ್ತದೆ. ಅದು ಸತ್ತು ಮೈ ತಣ್ಣಗಾದಂತೆ ಉಣುಗುಗಳು ಇಳಿದು ಸುತ್ತಲಿನ ತರಗೆಲೆಗೆ ಸೇರುತ್ತವೆ. ಮಂಗ ಬಿದ್ದ ಆ ಜಾಗದ ಸುತ್ತಮುತ್ತಲೇ ಕಾಡಿನಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೇ ಈ ಕಾಯಿಲೆ ತಗಲಿತು. ಇಂದು ಇದು ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳನ್ನೂ ಮುಟ್ಟಿದೆ.

ಹಳೆಯ ಲಸಿಕೆಯ ಪರಿಣಾಮ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಈ ಕಾಯಿಲೆಗೆಂದೇ ಇರುವ ಔಷಧಿಯೂ ಇಲ್ಲ. ಹಾಗಾಗಿ ಕಾಡಿಗೆ ಹೋಗುವ ಮುನ್ನ ಕೈಕಾಲುಗಳಿಗೆ ಉಣುಗು ನಿರೋಧಕ ತೈಲವನ್ನು ಹಚ್ಚಿಕೊಳ್ಳಿ. ಮರಳಿದ ಕೂಡಲೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ಒಗೆಯಿರಿ. ದನದ ಮೈಯಿಂದ ತೆಗೆದ ಉಣುಗನ್ನು ಉಗುರಿನಲ್ಲಿ ಕುಕ್ಕಬೇಡಿ. ತೋಟದಲ್ಲೋ ಕಾಡಿನಂಚಿನಲ್ಲೋ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹೂಳಲು ಹೋಗಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ. ಮನೆಗೆ ಬಂದ ಆಶಾ ಕಾರ್ಯಕರ್ತೆಗೆ ಹೇಳಿದರೂ ಸಾಕು.

ನಮಸ್ಕಾರ.