ಪೆಟ್ಟಿಗೆ ಮೇಲೆ ಮೂರು ನಂಬರ್: ದೂರದ ಊರಿಗೆ ಕಂಟೇನರ್‌ನಲ್ಲಿ ಮನೆ ಸಾಗಿಸುವುದು ಹೇಗೆ?

[ದೃಶ್ಯ: ಮೇಜಿನ ಮೇಲೆ ಹಳೆಯ ರಟ್ಟಿನ ಪೆಟ್ಟಿಗೆ. ಕ್ಯಾಮೆರಾ ನಿಧಾನವಾಗಿ ಹತ್ತಿರ ಬರುತ್ತದೆ.]

ನಮಸ್ಕಾರ. ಈ ಪೆಟ್ಟಿಗೆ ನೋಡಿ. ನಮ್ಮ ಅಕ್ಕ ರಾಜಾಜಿನಗರದಿಂದ ಪುಣೆಗೆ ಮನೆ ಬದಲಾಯಿಸಿದಾಗ ಅವಳ ಅಡುಗೆಮನೆ ಸಾಮಾನು ಹೋಗಿದ್ದು ಇದರಲ್ಲೇ. ಇದರ ಮೇಲೆ ಮೂರು ನಂಬರ್ ಇವೆ. ನೀಲಿ ಮಾರ್ಕರ್‌ನಲ್ಲಿರುವ 17 ನಾನು ಬರೆದದ್ದು. ಪಕ್ಕದಲ್ಲಿ ಕಪ್ಪು ಬಣ್ಣದಲ್ಲಿ 204 ಅಂತಿದೆ, ಅದು ಯಾರ ಕೈಬರಹವೋ ಗೊತ್ತಿಲ್ಲ. ಕೆಳಗೆ ಸೀಮೆಸುಣ್ಣದಲ್ಲಿ ಇನ್ನೊಂದು ನಂಬರ್, ಅರ್ಧ ಅಳಿಸಿದೆ.

ಮನೆ ಮುಂದೆ ಗಾಡಿ ಹತ್ತಿದ ಪೆಟ್ಟಿಗೆ ಪುಣೆಯಲ್ಲೇ ಇಳಿಯುತ್ತೆ ಅಂದುಕೊಂಡಿದ್ದೆವು. ಹಾಗಾಗಲಿಲ್ಲ. ಮೊದಲು ಊರಾಚೆಯ ಗೋಡೌನ್‌ನಲ್ಲಿ ಇಳಿಯಿತು. ಅಲ್ಲಿಂದ ಬೇರೆಯವರ ಸಾಮಾನಿನ ಜೊತೆ ದೊಡ್ಡ ಲಾರಿ ಹತ್ತಿತು. ಪುಣೆಯ ಗೋಡೌನ್‌ನಲ್ಲಿ ಮತ್ತೆ ಇಳಿಯಿತು, ಮತ್ತೊಂದು ಚಿಕ್ಕ ಗಾಡಿ ಹತ್ತಿತು. ಒಟ್ಟು ಮೂರು ಸಲ ಹತ್ತಿಸಿ, ಮೂರು ಸಲ ಇಳಿಸಿದ್ದಾರೆ. ಒಳಗೆ ಅಮ್ಮ ಕೊಟ್ಟ ಉಪ್ಪಿನಕಾಯಿ ಭರಣಿ ಇತ್ತು. ಅದೇ, ಮೇಲೆ ಕಂದು, ಕೆಳಗೆ ಬಿಳಿ ಇರುವ ಪಿಂಗಾಣಿ ಭರಣಿ. ಅಕ್ಕ ತೆಗೆದು ನೋಡಿದಾಗ ಕತ್ತಿನ ಹತ್ತಿರ ಸೀಳಿ ಎರಡು ಹೋಳಾಗಿತ್ತು. ಅವಳು ಫೋನಿನಲ್ಲಿ ಅತ್ತಿದ್ದು ನನಗೆ ಇನ್ನೂ ನೆನಪಿದೆ.

ಅವತ್ತಿನಿಂದ ಯಾರು ಮನೆ ಸಾಗಿಸ್ತೀನಿ ಅಂದರೂ ನಾನು ಕೇಳುವುದು ಒಂದೇ ಪ್ರಶ್ನೆ. ಬಾಡಿಗೆ ಎಷ್ಟು ಅಂತಲ್ಲ. ನಿಮ್ಮ ಸಾಮಾನು ಎಷ್ಟು ಸಲ ಇಳಿದು ಹತ್ತುತ್ತೆ? ಕಂಟೇನರ್ ವಿಷಯ ಅರ್ಥ ಆಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು.

[ದೃಶ್ಯ: ಹಡಗಿನ ಮೇಲೆ ಸಾಲಾಗಿ ಜೋಡಿಸಿದ ಕಂಟೇನರ್‌ಗಳು]

ಕಂಟೇನರ್ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಮಾಲ್ಕಮ್ ಮೆಕ್ಲೀನ್ ಅಂತ ಅಮೆರಿಕದ ಲಾರಿ ಮಾಲೀಕ. ಸರಕನ್ನು ಒಂದೊಂದಾಗಿ ಇಳಿಸಿ ಹಡಗಿಗೆ ಹತ್ತಿಸುವ ಬದಲು, ಪೆಟ್ಟಿಗೆಯನ್ನೇ ಎತ್ತಿ ಇಟ್ಟರೆ ಹೇಗೆ ಅನ್ನುವುದು ಅವನ ಯೋಚನೆ. 1956ರ ಏಪ್ರಿಲ್ 26ರಂದು ಐಡಿಯಲ್ ಎಕ್ಸ್ ಅನ್ನುವ ಹಡಗು 58 ಕಂಟೇನರ್ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ಜಾಗ ಇದೆ. ಸಮುದ್ರವೇ ಇಲ್ಲದ ಈ ಊರಿನಲ್ಲಿ 1981ರಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಶುರುವಾಯಿತು. ಇವತ್ತು ವೈಟ್‌ಫೀಲ್ಡ್ ಡಿಪೋದಿಂದ ಕಂಟೇನರ್‌ಗಳು ರೈಲು ಹತ್ತುತ್ತವೆ.

ಇದೇ ಉಪಾಯವನ್ನು ಮನೆ ಸಾಮಾನಿಗೆ ತಂದ ಕಂಪನಿಗಳಲ್ಲಿ ಒಂದು, 1998ರಲ್ಲಿ ಫ್ಲೋರಿಡಾದಲ್ಲಿ ಶುರುವಾದ ಪಾಡ್ಸ್. ಅವರು ಖಾಲಿ ಕಂಟೇನರ್ ತಂದು ನಿಮ್ಮ ಮನೆ ಅಂಗಳದಲ್ಲಿ ಇಳಿಸಿ ಹೋಗುತ್ತಾರೆ. ನೀವು ನಿಧಾನವಾಗಿ ತುಂಬುತ್ತೀರಿ, ಬೀಗ ಹಾಕುತ್ತೀರಿ. ಅವರು ಬಂದು ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗುತ್ತಾರೆ. ಹೊಸ ಮನೆ ಸಿದ್ಧ ಇಲ್ಲವಾದರೆ ತಮ್ಮ ಯಾರ್ಡ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಸಾಮಾನು ಒಂದು ಸಲ ಹತ್ತುತ್ತೆ, ಒಂದು ಸಲ ಇಳಿಯುತ್ತೆ, ಅಷ್ಟೇ.

ಹಾಗಾದರೆ ಬೆಂಗಳೂರಿನಲ್ಲೂ ಹೀಗೇ ಮಾಡಬಹುದಲ್ವಾ? ಇಲ್ಲೇ ತೊಡಕು.

[ದೃಶ್ಯ: ಎರಡೂ ಬದಿ ಕಾರು ನಿಂತಿರುವ ಕಿರಿದಾದ ಅಡ್ಡರಸ್ತೆ. ಮೇಲೆ ಜೋತುಬಿದ್ದ ಕೇಬಲ್‌ಗಳು.]

ಚಿಕ್ಕಮ್ಮನ ಮನೆ ವಿಜಯನಗರದಲ್ಲಿತ್ತು. ಮೂವತ್ತು-ನಲವತ್ತರ ಸೈಟು. ಮನೆ ಬಿಟ್ಟು ಉಳಿದ ಜಾಗದಲ್ಲಿ ಎರಡು ಸ್ಕೂಟರ್ ನಿಲ್ಲುತ್ತಿದ್ದವು. ಕಂಟೇನರ್ ಅಗಲ 8 ಅಡಿ. ಅದನ್ನು ಎಲ್ಲಿ ಇಳಿಸೋದು? ರಸ್ತೆಯಲ್ಲಿ ಇಳಿಸಿದರೆ ಓಡಾಟವೇ ನಿಂತುಹೋಗುತ್ತೆ. ಎತ್ತರದ್ದೂ ತೊಂದರೆ. ಮಾಮೂಲಿ ಕಂಟೇನರ್ 8 ಅಡಿ 6 ಇಂಚು ಎತ್ತರ, ಲಾರಿ ಮೇಲೆ ಕೂತರೆ ಹನ್ನೆರಡು ಅಡಿ ದಾಟುತ್ತೆ. ನಮ್ಮ ಅಡ್ಡರಸ್ತೆಗಳಲ್ಲಿ ಇಂಟರ್ನೆಟ್ ಕೇಬಲ್, ಮರದ ಕೊಂಬೆ ಅದಕ್ಕಿಂತ ಕೆಳಗೇ ಇರುತ್ತವೆ. ಸಾಲದ್ದಕ್ಕೆ ಬೆಳಿಗ್ಗೆ, ಸಂಜೆಯ ಟ್ರಾಫಿಕ್ ಹೊತ್ತಿನಲ್ಲಿ ದೊಡ್ಡ ಲಾರಿಗಳನ್ನು ಊರೊಳಗೆ ಬಿಡುವುದಿಲ್ಲ.

ಹಾಗಾಗಿ ಇಲ್ಲಿ ಮನೆ ಸಾಗಿಸುವವರು ಕಂಟೇನರ್ ಅಂದಾಗ ಸಾಮಾನ್ಯವಾಗಿ ಹೇಳುವುದು ಕಂಟೇನರ್ ಲಾರಿ. ನಾಲ್ಕೂ ಕಡೆ ಮುಚ್ಚಿದ, ಹಿಂದೆ ಬಾಗಿಲಿರುವ ಬಾಡಿ. ಅದರಲ್ಲಿ ಎರಡು ಬಗೆ. ಒಂದು, ಇಡೀ ಗಾಡಿ ನಿಮಗೇ. ಇನ್ನೊಂದು ಶೇರಿಂಗ್, ಅಂದರೆ ನಾಲ್ಕಾರು ಮನೆಯವರ ಸಾಮಾನು ಒಂದೇ ಗಾಡಿಯಲ್ಲಿ. ಶೇರಿಂಗ್ ಅಗ್ಗ, ನಿಜ. ಆದರೆ ಗಾಡಿ ತುಂಬುವವರೆಗೆ ಸಾಮಾನು ಗೋಡೌನ್‌ನಲ್ಲಿ ಕಾಯುತ್ತೆ. ದಾರಿಯಲ್ಲಿ ಒಬ್ಬರ ಮಂಚ ಇಳಿಸಲು ನಿಮ್ಮ ಬೀರು ಸರಿಸುತ್ತಾರೆ. ಅಕ್ಕನ ಪೆಟ್ಟಿಗೆ ಮೇಲೆ ಮೂರು ನಂಬರ್ ಬಂದದ್ದು ಹೀಗೇ. ಬಟ್ಟೆ, ಪುಸ್ತಕ, ಸ್ಟೀಲ್ ಪಾತ್ರೆ ಮಾತ್ರ ಇದ್ದರೆ ಶೇರಿಂಗ್‌ಗೆ ಹಾಕಿ, ಪರವಾಗಿಲ್ಲ. ಗಾಜು, ಹಳೆಯ ಮರದ ಸಾಮಾನು ಇದ್ದರೆ ನನ್ನ ಮಾತು ಕೇಳಿ, ಬೇಡ.

ಚಿಕ್ಕಮ್ಮ ಮತ್ತು ಚಿಕ್ಕಪ್ಪ ತಮ್ಮ ಮಗನ ಹತ್ತಿರ ನಾಗಪುರಕ್ಕೆ ಹೊರಟಾಗ ನಾವು ಬೇರೆ ದಾರಿ ಹಿಡಿದೆವು. ಕಂಟೇನರ್ ಗಲ್ಲಿಗೆ ಬರಲ್ಲ ಅಂತ ಮೊದಲೇ ಗೊತ್ತಿತ್ತು. ಅದನ್ನು ಯಲಹಂಕ ದಾಟಿ, ಹೈವೇ ಪಕ್ಕದ ಯಾರ್ಡ್‌ನಲ್ಲಿ ನಿಲ್ಲಿಸಲು ಹೇಳಿದೆವು. ಮನೆಯಿಂದ ಎರಡು ಟಾಟಾ ಏಸ್‌ನಲ್ಲಿ ಸಾಮಾನು ಅಲ್ಲಿಗೆ ಹೋಯಿತು. ನಾನು ಸ್ಕೂಟರ್‌ನಲ್ಲಿ ಹಿಂದೆಯೇ ಹೋದೆ. ಏಸ್ ಹಿಂಭಾಗವನ್ನು ಕಂಟೇನರ್ ಬಾಗಿಲಿಗೆ ತಾಗಿಸಿ ನಿಲ್ಲಿಸಿ, ಸಾಮಾನನ್ನು ನೆಲಕ್ಕೆ ಇಳಿಸದೇ ದಾಟಿಸಿದರು. ಗೋಡೌನ್ ಇಲ್ಲ, ರಾತ್ರಿ ಕಳೆಯೋದಿಲ್ಲ, ಬೇರೆಯವರ ಸಾಮಾನಿಲ್ಲ. ಬುಕ್ ಮಾಡುವಾಗ ಈ ಮಾತನ್ನು ಬರವಣಿಗೆಯಲ್ಲಿ ತಗೊಳ್ಳಿ: ಚಿಕ್ಕ ಗಾಡಿಯಿಂದ ನೇರ ಕಂಟೇನರ್‌ಗೆ, ನಮ್ಮ ಕಣ್ಣೆದುರು. ಬಾಯಿಮಾತು ಸಾಲದು.

ಅಪಾರ್ಟ್‌ಮೆಂಟ್‌ನವರಾದರೆ ಅಸೋಸಿಯೇಷನ್‌ನಲ್ಲಿ ಮೊದಲೇ ಕೇಳಿಡಿ. ಸರ್ವಿಸ್ ಲಿಫ್ಟ್ ಎಷ್ಟು ಗಂಟೆಯಿಂದ ಎಷ್ಟರವರೆಗೆ, ಗೇಟಿನ ಎತ್ತರ ಎಷ್ಟು, ಲಾರಿ ಒಳಗೆ ಬರುತ್ತಾ, ಇಷ್ಟು ಸಾಕು.

[ದೃಶ್ಯ: ಟೇಪ್ ಹಿಡಿದು ಬೀರು ಅಳೆಯುತ್ತಿರುವ ಕೈ]

ಎಷ್ಟು ದೊಡ್ಡ ಕಂಟೇನರ್ ಬೇಕು? ಎರಡು ಬೆಡ್‌ರೂಮ್ ಮನೆಗೆ ಇಷ್ಟು ಅಡಿ ಗಾಡಿ ಅಂತ ಫೋನಿನಲ್ಲೇ ಹೇಳಿಬಿಡುತ್ತಾರೆ. ನಂಬಬೇಡಿ, ಟೇಪ್ ಹಿಡಿಯಿರಿ. ಉದ್ದ, ಅಗಲ, ಎತ್ತರ ಗುಣಿಸಿದರೆ ಘನ ಅಡಿ ಸಿಗುತ್ತೆ. ಚಿಕ್ಕಮ್ಮನ ಬೀರು 3 ಅಡಿ ಅಗಲ, ಒಂದೂವರೆ ಅಡಿ ಆಳ, ಆರೂವರೆ ಅಡಿ ಎತ್ತರ. ಸುಮಾರು 29 ಘನ ಅಡಿ. ಒಂದೂವರೆ ಅಡಿಯ ಚೌಕ ಪೆಟ್ಟಿಗೆ ಒಂದಕ್ಕೆ 3.4 ಘನ ಅಡಿ, ಅಂಥವು 40 ಇದ್ದರೆ 135. ಹೀಗೇ ಎಲ್ಲವನ್ನೂ ಕೂಡಿಸಿ. ಜೋಡಿಸುವಾಗ ಸಂದು ಬಿದ್ದೇ ಬೀಳುತ್ತೆ, ಅದಕ್ಕೆ ಕಾಲು ಭಾಗ ಸೇರಿಸಿ. 14 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರದ ಗಾಡಿಯಲ್ಲಿ ಹಿಡಿಯುವುದು ಸುಮಾರು 500 ಘನ ಅಡಿ. ರೈಲು, ಹಡಗಿನಲ್ಲಿ ಹೋಗುವ 20 ಅಡಿ ಕಂಟೇನರ್‌ನಲ್ಲಿ ಸುಮಾರು 1,170. ಲೆಕ್ಕ ತಪ್ಪಿದರೆ ಕೊನೇ ಗಳಿಗೆಯಲ್ಲಿ ಸೋಫಾ ರಸ್ತೆಯಲ್ಲೇ ಉಳಿಯುತ್ತೆ. ತೀರಾ ದೊಡ್ಡದು ತಗೊಂಡರೂ ಕಷ್ಟ, ಖಾಲಿ ಜಾಗದಲ್ಲಿ ಸಾಮಾನು ಓಲಾಡುತ್ತೆ.

ಈಗ ತುಂಬುವುದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ.

[ದೃಶ್ಯ: ಕಂಟೇನರ್ ಒಳಗೆ ಸಾಮಾನು ಜೋಡಿಸುತ್ತಿರುವ ಹುಡುಗರು]

ತೂಕದ್ದೆಲ್ಲ ಕ್ಯಾಬಿನ್ ಕಡೆ, ಕೆಳಗೆ. ಬೀರು, ಫ್ರಿಜ್, ವಾಷಿಂಗ್ ಮೆಷಿನ್ ಮೊದಲು ಹೋಗಲಿ. ಎಡಕ್ಕೂ ಬಲಕ್ಕೂ ಭಾರ ಸಮ ಇರಲಿ. ಪುಸ್ತಕದ ಪೆಟ್ಟಿಗೆ ಚಿಕ್ಕದಿರಲಿ, ಕೆಳಗಿರಲಿ. ಒಂದು ಸಾಲು ನೆಲದಿಂದ ಮೇಲಿನವರೆಗೆ ಗೋಡೆ ಕಟ್ಟಿದ ಹಾಗೆ ಮುಗಿಸಿ, ಬೆಲ್ಟ್ ಬಿಗಿದು, ಆಮೇಲೆ ಮುಂದಿನ ಸಾಲು. ಕೊನೆಗೆ ಒಂದೇ ಹಗ್ಗ ಕಟ್ಟಿದರೆ ಪ್ರಯೋಜನ ಇಲ್ಲ. ಚಿಕ್ಕಮ್ಮನ ಸಾಮಾನು ಲೋಡ್ ಮಾಡುತ್ತಿದ್ದವರಲ್ಲಿ ಒಬ್ಬರು ಹಿರಿಯರು ಪ್ರತಿ ಸಾಲು ಮುಗಿದ ಮೇಲೂ ಅಂಗೈಯಿಂದ ಜೋರಾಗಿ ತಳ್ಳಿ ನೋಡುತ್ತಿದ್ದರು. ಅಲುಗಾಡಿದರೆ ಸಂದಿಗೆ ಒಂದು ದಿಂಬು ತುರುಕುತ್ತಿದ್ದರು. ಹಾಸಿಗೆ, ದಿಂಬು, ಹಳೇ ಕಂಬಳಿ ಎಲ್ಲ ಸಂದು ತುಂಬಲು ಬಂದವು. ನೀವೂ ಹಾಗೇ ತಳ್ಳಿ ನೋಡಿ.

ಗ್ರೈಂಡರ್ ಕಲ್ಲುಗಳನ್ನು ಹೊರಗೆ ತೆಗೆದು ಬೇರೆ ಗೋಣಿಯಲ್ಲಿ ಸುತ್ತಿ. ಬೀರುವಿನ ಕನ್ನಡಿ ಬಿಚ್ಚುವ ಹಾಗಿದ್ದರೆ ಬಿಚ್ಚಿ. ಟಿವಿ ನಿಂತೇ ಹೋಗಬೇಕು, ಮಲಗಿಸಬೇಡಿ. ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಬಂದಾಗ ಹಿಂದೆ ನಾಲ್ಕು ಉದ್ದನೆಯ ಬೋಲ್ಟ್ ಇದ್ದವಲ್ಲ, ಡ್ರಮ್ ಅಲ್ಲಾಡದಂತೆ ಹಿಡಿದಿಡಲು ಕೊಟ್ಟದ್ದು ಅವು. ಹುಡುಕಿ ಮತ್ತೆ ಹಾಕಿಸಿ. ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ, ಐಸ್ ಕರಗಿಸಿ ಒರೆಸಿ. ಹೊಸ ಮನೆಯಲ್ಲಿ ನಿಲ್ಲಿಸಿದ ಕೂಡಲೇ ಸ್ವಿಚ್ ಹಾಕಬೇಡಿ. ಕಂಪ್ರೆಸರ್ ಎಣ್ಣೆ ಕೆಳಗಿಳಿಯಲು ಕೆಲವು ಗಂಟೆ ಬಿಡಿ.

ಕಬ್ಬಿಣದ ಪೆಟ್ಟಿಗೆಗೆ ಎರಡು ಶತ್ರುಗಳು. ಒಂದು ಬಿಸಿಲು. ಮೇ ತಿಂಗಳಲ್ಲಿ ನಾಗಪುರದ ದಾರಿಯಲ್ಲಿ ಒಳಗೆ ಒಲೆಯಂತೆ ಕಾಯುತ್ತೆ. ಮೇಣದ ಬತ್ತಿ, ತುಪ್ಪ, ಔಷಧಿ ಒಳಗೆ ಇಡಬೇಡಿ. ಇನ್ನೊಂದು ತೇವ. ಹಗಲು ಬಿಸಿಯಾದ ಗಾಳಿಯಲ್ಲಿ ತೇವ ಇರುತ್ತೆ, ರಾತ್ರಿ ತಗಡು ತಣ್ಣಗಾದಾಗ ಅದು ಚಾವಣಿಯಲ್ಲಿ ನೀರಾಗಿ ತೊಟ್ಟಿಕ್ಕುತ್ತೆ. ಮುಚ್ಚಳದ ಒಳಗೆ ಹಬೆ ಕಟ್ಟುವುದನ್ನು ನೋಡಿದ್ದೀರಲ್ಲ, ಹಾಗೇ. ಒದ್ದೆ ಮಾಪು, ಹೂಕುಂಡ, ಸರಿಯಾಗಿ ಒಣಗದ ಚಾಪೆ ಒಳಗೆ ಹೋದರೆ ಎಲ್ಲಕ್ಕೂ ಬೂಸು ಹಿಡಿಯುತ್ತೆ. ಅಲ್ಲಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ರೇಷ್ಮೆ ಸೀರೆ ಪ್ಲಾಸ್ಟಿಕ್‌ನಲ್ಲಿ ಬೇಡ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ. ತಿಂಗಳುಗಟ್ಟಲೆ ಇಡಬೇಕಾದರೆ ಬಯಲಲ್ಲಿ ನಿಂತ ಕಂಟೇನರ್‌ಗಿಂತ ಮೇಲ್ಛಾವಣಿ ಇರುವ ಗೋಡೌನ್ ಒಳಗಿನದೇ ವಾಸಿ. ಪೆಟ್ಟಿಗೆಗಳು ನೆಲಕ್ಕೆ ತಾಗದಂತೆ ಮರದ ಹಲಗೆ ಮೇಲೆ ಇರಲಿ. ಇಲ್ಲವಾದರೆ ಗೆದ್ದಲು.

ಗ್ಯಾಸ್ ಸಿಲಿಂಡರ್ ತುಂಬಲೇಬೇಡಿ. ಏಜೆನ್ಸಿಗೆ ವಾಪಸ್ ಕೊಟ್ಟು ವೋಚರ್ ತಗೊಂಡು ಹೊಸ ಊರಿನಲ್ಲಿ ಕನೆಕ್ಷನ್ ಪಡೆಯಿರಿ. ಬೈಕ್ ಹಾಕುವುದಾದರೆ ಪೆಟ್ರೋಲ್ ಖಾಲಿ ಮಾಡಿಸಿ. ಚಿನ್ನ, ಮನೆ ಪತ್ರ, ಮಾರ್ಕ್ಸ್ ಕಾರ್ಡ್ ನಿಮ್ಮ ಕೈಚೀಲದಲ್ಲಿ.

[ದೃಶ್ಯ: ಬಾಗಿಲ ಚಿಲಕಕ್ಕೆ ಹಾಕಿದ ಬೋಲ್ಟ್ ಸೀಲ್. ಅದರ ನಂಬರ್ ಕಾಣುತ್ತಿದೆ.]

ಬಾಗಿಲು ಮುಚ್ಚಿದ ಮೇಲೆ ನಿಮ್ಮದೇ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೇ ಇರಲಿ. ಜೊತೆಗೆ ನಂಬರ್ ಇರುವ ಬೋಲ್ಟ್ ಸೀಲ್ ಕೇಳಿ. ಒಮ್ಮೆ ಹಾಕಿದರೆ ಕತ್ತರಿಸದೇ ತೆಗೆಯಲು ಬರುವುದಿಲ್ಲ. ನಂಬರ್ ಕಾಣುವಂತೆ ಫೋಟೋ ತೆಗೆದು, ಅದೇ ನಂಬರನ್ನು ಎಲ್‌ಆರ್ ಮೇಲೆ ಬರೆಸಿ. ಎಲ್‌ಆರ್ ಅಂದರೆ ಲಾರಿಯವರು ಕೊಡುವ ರಸೀದಿ, ಕೆಲವರು ಬಿಲ್ಟಿ ಅನ್ನುತ್ತಾರೆ. ಅದಿಲ್ಲದೇ ಗಾಡಿ ಬಿಡಬೇಡಿ.

ಹಾನಿಯಾದರೆ ಏನು ಗತಿ? 2007ರ ರಸ್ತೆ ಸರಕು ಸಾಗಣೆ ಕಾಯ್ದೆಯ ಪ್ರಕಾರ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಡಬೇಕು. ಕೊಡದಿದ್ದರೆ ಆಮೇಲೆ ಕೇಸ್ ಹಾಕಲು ಆಗಲ್ಲ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಹೆಚ್ಚಿನ ರಿಸ್ಕ್ ದರ, ಅಂದರೆ ಹಾನಿಯ ಹೆಚ್ಚಿನ ಹೊಣೆ ಹೊರಲು ಸಾಗಣೆದಾರರು ಕೇಳುವ ಹೆಚ್ಚುವರಿ ದುಡ್ಡು ಕಟ್ಟದಿದ್ದರೆ, ಅವರ ಹೊಣೆ ಬಾಡಿಗೆಯ 10 ಪಟ್ಟಿನವರೆಗೆ ಮಾತ್ರ, ಅದೂ ನೀವು ಬರೆಸಿದ ಸಾಮಾನಿನ ಬೆಲೆಯನ್ನು ದಾಟುವಂತಿಲ್ಲ. ಹಾಗಾಗಿ ಬೆಲೆಯನ್ನು ಸುಮ್ನೆ ಕಡಿಮೆ ಬರೆಸಬೇಡಿ. ಕೊಟೇಶನ್‌ನಲ್ಲಿ "ಇನ್ಶೂರೆನ್ಸ್" ಅಂತ ಒಂದು ಸಾಲಿದ್ದರೆ ಇನ್ಶೂರೆನ್ಸ್ ಕಂಪನಿಯ ಹೆಸರು, ಪಾಲಿಸಿ ನಂಬರ್ ಇರುವ ಕಾಗದ ಕೇಳಿ. ಅಕ್ಕ ಆ ಸಾಲಿಗೆ ದುಡ್ಡು ಕಟ್ಟಿದ್ದಳು. ಭರಣಿ ಒಡೆದಾಗ ಕೇಳಿದರೆ ಪಾಲಿಸಿಯೇ ಇರಲಿಲ್ಲ.

ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್, ಅಂದರೆ ಸರಕು ಸಾಗಿಸುವಾಗ ಜಿಎಸ್‌ಟಿಯವರು ಕೇಳುವ ಆನ್‌ಲೈನ್ ದಾಖಲೆ, ಬೇಕಿಲ್ಲ, ನಿಯಮದಲ್ಲೇ ವಿನಾಯಿತಿ ಇದೆ. ಆದರೂ ಸಾಮಾನಿನ ಪಟ್ಟಿಯ ಒಂದು ಪ್ರತಿ ಡ್ರೈವರ್ ಹತ್ತಿರ ಇರಲಿ, ಚೆಕ್‌ಪೋಸ್ಟ್‌ನಲ್ಲಿ ಕೇಳಿದರೆ ಅವರಿಗೆ ಅನುಕೂಲ.

[ದೃಶ್ಯ: ಫೋನಿನಲ್ಲಿ ತೆಗೆದ ವಿಡಿಯೋ. ನಾಗಪುರದ ಮನೆ ಮುಂದೆ ನಿಂತ ಕಂಟೇನರ್.]

ಇದು ನಾಗಪುರದಲ್ಲಿ ಚಿಕ್ಕಪ್ಪ ತೆಗೆದ ವಿಡಿಯೋ. ಬೆಂಗಳೂರಿನಿಂದ ಸುಮಾರು 1,100 ಕಿಲೋಮೀಟರ್. ಅಲ್ಲಿ ರಸ್ತೆ ಅಗಲ ಇತ್ತು, ಗಾಡಿ ನೇರ ಮನೆ ಬಾಗಿಲಿಗೇ ಬಂತು. ನೋಡಿ, ಮೊದಲು ಸೀಲ್ ನಂಬರ್ ಓದಿ ಫೋಟೋ ಜೊತೆ ಹೋಲಿಸುತ್ತಿದ್ದಾರೆ. ಆಮೇಲೆ ಕಟ್ಟರ್‌ನಿಂದ ಕತ್ತರಿಸಿದರು. ಚಿಕ್ಕಮ್ಮ ಬಾಗಿಲ ಹತ್ತಿರ ಪಟ್ಟಿ ಹಿಡಿದು ಕೂತು ಒಂದೊಂದೇ ನಂಬರಿಗೆ ಟಿಕ್ ಹಾಕುತ್ತಿದ್ದಾರೆ. 23ನೇ ಪೆಟ್ಟಿಗೆಯ ಮೂಲೆ ನಜ್ಜಾಗಿತ್ತು. ಡ್ರೈವರ್ ಸಹಿ ಕೇಳಿದಾಗ ಚಿಕ್ಕಮ್ಮ, "ಸ್ವಲ್ಪ ಇರಪ್ಪ, ಇದನ್ನ ತೆಗೆದು ನೋಡಿ ಹಾಕ್ತೀನಿ" ಅಂದರು. ತೆಗೆದು ನೋಡಿದರು. ಎರಡು ಲೋಟ ಸೊಟ್ಟಗಾಗಿದ್ದವು. ಅದನ್ನು ಡೆಲಿವರಿ ಕಾಗದದ ಮೇಲೆ ಬರೆದು, ಫೋಟೋ ತೆಗೆದು, ಆಮೇಲೆ ಸಹಿ ಹಾಕಿದರು. ಡ್ರೈವರ್‌ಗೂ ಬೇಜಾರಾಗಲಿಲ್ಲ, ನೀರು ಕುಡಿದು ಹೊರಟರು.

ಕೊನೆಗೆ ಇಳಿದದ್ದು ಈ ಪೆಟ್ಟಿಗೆ. ಮೇಲೆ ಒಂದೇ ನಂಬರ್ ಇದೆ, ನೀಲಿ ಮಾರ್ಕರ್‌ನದ್ದು. ಒಳಗಿದ್ದ ಭರಣಿಯನ್ನು ಚಿಕ್ಕಮ್ಮ ಎರಡೂ ಕೈಯಲ್ಲಿ ಎತ್ತಿ, ಕತ್ತಿನ ಸುತ್ತ ಬೆರಳಾಡಿಸಿ ನೋಡುತ್ತಿದ್ದಾರೆ.